ಸೈನೈಡ್ ಗುಡ್ಡದಾಚೆಯ ಪೇಟೆ

ದೆಹಲಿಯ ಗಡಿ ದಾಟಿ ಗಾಜಿಯಾಬಾದಿನ ಕಡೆ ಹೊರಳಿದರೆ ಸಿಗುವ ಇಂದಿರಾಪುರಂಗೆ ಹಳೆಪೇಟೆ ಎಂಬುದಿಲ್ಲ. ಅಭಿವೃದ್ಧಿ ಪ್ರಾಧಿಕಾರವೊಂದು ಬಯಲಿನ ಮೇಲೆ ಗೆರೆ ಎಳೆದು ನೀತಿ ಖಂಡ, ನ್ಯಾಯ ಖಂಡ, ಜ್ಞಾನ ಖಂಡ, ಅಹಿಂಸಾ ಖಂಡ ಎಂದು ಹೆಸರಿಟ್ಟಿತು. ಆ ಗಂಭೀರ ಹೆಸರುಗಳ ಮೇಲೆ ಬಹುಮಹಡಿ ಕಟ್ಟಡಗಳು ಎದ್ದವು. ದೇಶದ ಎಲ್ಲ ಭಾಷೆಯವರೂ ಬಂದು ನೆಲೆಸಿದರು. ಕನ್ನಡದ ಮನೆಗಳೂ ಅಲ್ಲಿವೆ. ಇಂಥ ಊರಿನವರಿಗೆ ಹಳೆಯದನ್ನು ನೋಡಬೇಕೆನಿಸಿದರೆ ವಾರಾಂತ್ಯದಲ್ಲಿ ಕಾರು ಹತ್ತಿ ನೀಮ್ರಾಣಾ ಕೋಟೆಗೋ ಶೇಖಾವಟಿಯ ಹವೇಲಿಗಳಿಗೋ ಹೋಗಬೇಕು. ಪರಂಪರೆ ಎಂದರೆ ಹೋಗಿ, ಒಂದು ರಾತ್ರಿ ಇದ್ದು, ಫೋಟೋ ತೆಗೆಸಿಕೊಂಡು ಬರುವ ಜಾಗ ಎಂಬ ರೂಢಿ ಹೀಗೇ ಬೆಳೆಯಿತು.

2022ರ ಏಪ್ರಿಲಿನಲ್ಲಿ 'ಕೆಜಿಎಫ್' ಚಿತ್ರದ ಎರಡನೆಯ ಭಾಗ ಹಿಂದಿಯಲ್ಲೂ ತೆರೆಕಂಡು ಉತ್ತರ ಭಾರತದಲ್ಲಿ ಹಣದ ಹೊಳೆ ಹರಿಸಿದ ಮೇಲೆ, ಇಂದಿರಾಪುರಂನ ಶಾಲೆಯ ಹುಡುಗರಿಗೂ ಆ ಮೂರಕ್ಷರ ಬಾಯಿಪಾಠ. ಕೆಜಿಎಫ್ ಎಂಬ ಊರೊಂದು ನಿಜವಾಗಿಯೂ ಇದೆ, ಅಲ್ಲಿ ನಗರಸಭೆಯಿದೆ, ಸಂತೆಯಿದೆ, ಬೆಳಗಿನ ರೈಲಿಗೆ ಓಡುವ ಜನರಿದ್ದಾರೆ ಎಂಬುದು ಅವರಲ್ಲಿ ಎಷ್ಟು ಮಂದಿಗೆ ಗೊತ್ತಿದ್ದೀತು? ಉತ್ತರದವರನ್ನು ದೂರಿ ಫಲವಿಲ್ಲ. ಬೆಂಗಳೂರಿನಿಂದ ನೂರು ಕಿಲೋಮೀಟರಿನ ಆಚೆಗಿರುವ ಈ ಊರನ್ನು ಒಮ್ಮೆಯೂ ನೋಡದ ಬೆಂಗಳೂರಿಗರು ಲೆಕ್ಕವಿಲ್ಲದಷ್ಟಿದ್ದಾರೆ.

ಈಗ ಕೆಜಿಎಫ್ ಅನ್ನು, ಅಂದರೆ ಕೋಲಾರ ಚಿನ್ನದ ಗಣಿ ಪ್ರದೇಶವನ್ನು, ಪ್ರವಾಸಿ ತಾಣ ಮಾಡಬೇಕೆಂಬ ಮಾತು ಆಗಾಗ ಏಳುತ್ತದೆ. ಬ್ರಿಟಿಷರ ಕಾಲದ ಬಂಗಲೆಗಳನ್ನು ದುರಸ್ತಿ ಮಾಡಿ, ಕ್ಲಬ್ಬಿಗೆ ಬಣ್ಣ ಬಳಿದು, ಶಾಫ್ಟಿನ ಮೇಲಿನ ಉಕ್ಕಿನ ಗೋಪುರಕ್ಕೆ ದೀಪ ಹಾಕಿದರೆ 'ಮಿನಿ ಇಂಗ್ಲೆಂಡ್' ಮತ್ತೆ ಎದ್ದುನಿಲ್ಲುತ್ತದೆ ಎಂಬ ಆಸೆ ಅದರಲ್ಲಿದೆ. ಉಳಿಸಬೇಕು ಎಂಬುದರಲ್ಲಿ ತಕರಾರಿಲ್ಲ. ಯಾವುದನ್ನು ಮೊದಲು ಉಳಿಸಬೇಕು ಎಂಬಲ್ಲಿ ತಕರಾರಿದೆ. ಬಂಗಲೆಗಳಿಗಿಂತ ಮೊದಲು ಕಾರ್ಮಿಕರ ಲೈನ್ ಮನೆಗಳು, ಅಲ್ಲಿ ಈಗಲೂ ವಾಸವಾಗಿರುವವರ ಹಕ್ಕುಪತ್ರ, ಗಣಿಯ ಕಾಗದಪತ್ರ ಈ ಸರದಿಗೆ ಬರಬೇಕು.

ಊರನ್ನು ಅರ್ಥಮಾಡಿಕೊಳ್ಳಲು ರೈಲಿಗಿಂತ ಒಳ್ಳೆಯ ದಾರಿಯಿಲ್ಲ. ಬಂಗಾರಪೇಟೆಯಲ್ಲಿ ಮುಖ್ಯ ಮಾರ್ಗದಿಂದ ಕವಲೊಡೆಯುವ ಹದಿನಾರು ಕಿಲೋಮೀಟರಿನ ಗಿಡ್ಡ ಹಳಿ ಕೋರಮಂಡಲ್, ಉರಿಗಾಂ, ಚಾಂಪಿಯನ್ ನಿಲ್ದಾಣಗಳನ್ನು ಹಾದು ಮಾರಿಕುಪ್ಪಂನಲ್ಲಿ ಮುಗಿಯುತ್ತದೆ. 1894ರಲ್ಲಿ ಗಣಿಗೆಂದೇ ಹಾಕಿದ ಹಳಿ ಇದು. ಬಂಗಾರಪೇಟೆಗೆ ಆಗ ಮೈಸೂರಿನ ಕಮಿಷನರ್ ಬೌರಿಂಗ್‌ನ ಹೆಸರಿತ್ತು, ಬೌರಿಂಗ್‌ಪೇಟೆ. ಮುಂದಿನ ರಾಬರ್ಟ್‌ಸನ್‌ಪೇಟೆಗೆ ರೆಸಿಡೆಂಟ್ ಡೊನಾಲ್ಡ್ ರಾಬರ್ಟ್‌ಸನ್‌ನ ಹೆಸರು. ಗಣಿ ಕಂಪನಿಯ ಜಮೀನಿಗೆ ಅಂಟಿಕೊಂಡು, ನೇರ ಬೀದಿಗಳ ಚೌಕಟ್ಟಿನಲ್ಲಿ ಯೋಜಿಸಿ ಕಟ್ಟಿದ ಪೇಟೆ ಇದು. ಕಂಪನಿಯ ಸೀಮೆಯೊಳಗೆ ಗೇಟು, ಕಾವಲು, ಅಪ್ಪಣೆ. ಆ ಗೇಟಿನ ಹೊರಗೆ ಬಟ್ಟೆ ಅಂಗಡಿ, ಕಿರಾಣಿ, ಗಿರವಿ ಅಂಗಡಿ, ಸಿನಿಮಾ, ದೇವಸ್ಥಾನ, ಚರ್ಚು, ಮಸೀದಿ. ಸಂಬಳದ ದಿನ ಗಣಿಯಿಂದ ಹೊರಟ ದುಡ್ಡು ನಿಲ್ಲುತ್ತಿದ್ದ ಜಾಗವೇ ಈ ಪೇಟೆ. ಬೇರೆ ದೇಶದವರು ತಮ್ಮ ಗಣಿಯೂರಿನ 'ಹಳೆ ಡೌನ್‌ಟೌನ್' ಎಂದು ನೆಟ್ಟಗೆ ಕಾಪಿಟ್ಟುಕೊಂಡು ಟಿಕೆಟ್ ಮಾರುವುದು ಇಂಥ ಪೇಟೆಯನ್ನೇ. ನಮ್ಮಲ್ಲಿ ಅದಕ್ಕೆ ಮುದ್ರೆ ಬಿದ್ದಿಲ್ಲ, ಆದರೆ ಅದು ಸತ್ತೂ ಇಲ್ಲ. 2011ರ ಜನಗಣತಿಯಲ್ಲಿ ರಾಬರ್ಟ್‌ಸನ್‌ಪೇಟೆ ನಗರಸಭೆಯ ವ್ಯಾಪ್ತಿಯಲ್ಲಿ 1.6 ಲಕ್ಷಕ್ಕೂ ಹೆಚ್ಚು ಜನರಿದ್ದರು. ಗಣಿ ಮುಚ್ಚಿ ಹತ್ತು ವರ್ಷವಾದ ಮೇಲಿನ ಲೆಕ್ಕ ಇದು.

ಈ ಊರು ಹುಟ್ಟಿದ ಕಥೆ ಗೊತ್ತಿರುವವರಿಗೂ ಒಂದೆರಡು ಇಸವಿ ನೆನಪಿಸುವುದು ಮೇಲು. ಟಿಪ್ಪು ಸತ್ತ ಮೇಲೆ ಮೈಸೂರಿನ ಗಡಿ ಅಳೆಯಲು ಬಂದ ಲೆಫ್ಟಿನೆಂಟ್ ಜಾನ್ ವಾರನ್ 1802ರಲ್ಲಿ ಈ ಭಾಗದ ಹಳ್ಳಿಗರು ಮಣ್ಣು ತೊಳೆದು ಚಿನ್ನ ತೆಗೆಯುವುದನ್ನು ಕಂಡು ಬರೆದಿಟ್ಟ. ಅಂದರೆ ಬಿಳಿಯರು ಬಂದು ಚಿನ್ನ 'ಕಂಡುಹಿಡಿದರು' ಎನ್ನುವಂತಿಲ್ಲ, ತೋರಿಸಿದವರು ಊರಿನವರು. ನ್ಯೂಜಿಲೆಂಡಿನ ಯುದ್ಧ ಮುಗಿಸಿ ಬೆಂಗಳೂರಿನ ದಂಡಿನಲ್ಲಿ ನೆಲೆಸಿದ್ದ ಐರಿಷ್ ಸೈನಿಕ ಮೈಕೆಲ್ ಲಾವೆಲ್ 1870ರ ದಶಕದಲ್ಲಿ ಸರ್ಕಾರದಿಂದ ಪರವಾನಗಿ ಪಡೆದು ಅಗೆದು ಕೈಸೋತ. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಕಾಲಿಟ್ಟಿತು. ಮುಂದೆ ಮೈಸೂರು, ಚಾಂಪಿಯನ್ ರೀಫ್, ಉರಿಗಾಂ, ನಂದಿದುರ್ಗ ಎಂಬ ನಾಲ್ಕು ದೊಡ್ಡ ಗಣಿಗಳು ಬೆಳೆದವು. ಯಂತ್ರಗಳ ಹಸಿವು ತಣಿಸಲು ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಶುರುವಾದ ಶಿವನಸಮುದ್ರದ ಜಲವಿದ್ಯುತ್ 1902ರಲ್ಲಿ ಸುಮಾರು 147 ಕಿಲೋಮೀಟರಿನ ತಂತಿಯಲ್ಲಿ ಹರಿದು ಗಣಿ ಮುಟ್ಟಿತು. ಆ ಕಾಲಕ್ಕೆ ಜಗತ್ತಿನಲ್ಲೇ ಅತಿ ಉದ್ದದ ತಂತಿಮಾರ್ಗವೆನ್ನುತ್ತಾರೆ. ಬೆಂಗಳೂರಿನ ಬೀದಿಗೆ ವಿದ್ಯುತ್ ದೀಪ ಬಂದದ್ದು ಅದಾದ ಮೂರು ವರ್ಷಕ್ಕೆ. ಕುಡಿಯುವ ನೀರಿಗೆ ಪಾಲಾರ್ ನದಿಯ ಬೇತಮಂಗಲದ ಕೆರೆ. ರಾಜಧಾನಿಗಿಂತ ಮೊದಲು ಗಣಿಯೂರಿಗೆ ಸವಲತ್ತು ಸಿಕ್ಕಿತು ಎಂದು ಬೀಗುವ ಮೊದಲು, ಆ ದೀಪ ಯಾರ ಮನೆಯಲ್ಲಿ ಉರಿಯಿತು ಎಂದು ಕೇಳಬೇಕು.

ಎತ್ತರದ ದಿಣ್ಣೆಗಳಲ್ಲಿ ಅಧಿಕಾರಿಗಳ ಬಂಗಲೆ, ಸುತ್ತ ತೋಟ, ಹೆಂಚಿನ ಮಾಡು, ಕ್ಲಬ್ಬು, ಆಟದ ಮೈದಾನ. ಇಂಗ್ಲೆಂಡಿನ ಕಾರ್ನ್‌ವಾಲಿನಿಂದ ಬಂದ ತವರ ಗಣಿಗಾರರು, ಇಟಲಿಯವರು, ಆಂಗ್ಲೋ ಇಂಡಿಯನ್ನರು ಇವರಿಗೆ ಅಂತಸ್ತಿಗೆ ತಕ್ಕ ಮನೆ. ತಗ್ಗಿನಲ್ಲಿ ಕೂಲಿಗಳ ಲೈನು. ಮೊದಲು ಬಿದಿರು ತಟ್ಟಿಯ ಗುಡಿಸಲು, ಆಮೇಲೆ ಸಾಲಾಗಿ ಒಂದಕ್ಕೊಂದು ಬೆನ್ನು ಕೊಟ್ಟ ಒಂದು ಕೋಣೆಯ ಮನೆ, ನೂರಾರು ಜನರಿಗೆ ಹಂಚಿದ ನಲ್ಲಿ, ಸಾರ್ವಜನಿಕ ಕಕ್ಕಸು. 20ನೆಯ ಶತಮಾನದ ಮೊದಲ ವರ್ಷಗಳಲ್ಲಿ ಸುಮಾರು ಮೂವತ್ತು ಸಾವಿರ ಕಾರ್ಮಿಕರಿದ್ದ ಗಣಿ ಇದು. ಹೆಚ್ಚಿನವರು ಉತ್ತರ ಆರ್ಕಾಟ್, ಸೇಲಂ ಸೀಮೆಯ ತಮಿಳು ದಲಿತರು, ಜೊತೆಗೆ ಚಿತ್ತೂರಿನ ಕಡೆಯ ತೆಲುಗರು. ಕೆಳಗಿನ ಸುರಂಗದಲ್ಲಿ ಬಂಡೆಯ ಬಿಸಿ 60 ಡಿಗ್ರಿ ದಾಟುತ್ತಿತ್ತು. ಚಾಂಪಿಯನ್ ರೀಫ್ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದು ಜಗತ್ತಿನ ಅತಿ ಆಳದ ಗಣಿಗಳ ಸಾಲಿಗೆ ಸೇರಿತು. ಒತ್ತಡ ತಾಳದೆ ಬಂಡೆ ಸಿಡಿದು ಸತ್ತವರು, ಕಲ್ಲಿನ ಧೂಳು ಶ್ವಾಸಕೋಶ ತುಂಬಿ ಸಿಲಿಕೋಸಿಸ್‌ನಿಂದ ನಿಧಾನ ಸತ್ತವರು ಈ ಲೈನುಗಳಿಂದಲೇ ಹೋದವರು. ಸುಮಾರು 120 ವರ್ಷಗಳಲ್ಲಿ ಇವರು ಮೇಲೆತ್ತಿದ ಚಿನ್ನ ಅಂದಾಜು 800 ಟನ್.

'ಮಿನಿ ಇಂಗ್ಲೆಂಡ್' ಎಂಬ ಮುದ್ದು ಹೆಸರು ದಿಣ್ಣೆಯ ಮೇಲಿನವರದು. ತಗ್ಗಿನಲ್ಲಿದ್ದವರಿಗೆ ಇಂಗ್ಲೆಂಡ್ ಎಂದರೆ ಗೇಟಿನಲ್ಲಿ ಮೈ ತಡವುವ ಕಾವಲುಗಾರ. ಚಿನ್ನದ ಕಳವು ತಡೆಯಲೆಂದೇ ಮೈಸೂರು ಸಂಸ್ಥಾನ ಪ್ರತ್ಯೇಕ ಕಾನೂನು ಮಾಡಿತ್ತು. 1930ರಲ್ಲಿ ಕಾರ್ಮಿಕರ ಬೆರಳಚ್ಚು ತೆಗೆದು ನೋಂದಾಯಿಸುವ ಹೊಸ ಕ್ರಮ ಬಂದಾಗ, ನಮ್ಮನ್ನು ಕಳ್ಳರ ಪಟ್ಟಿಗೆ ಸೇರಿಸುತ್ತಿದ್ದಾರೆ ಎಂದು ಸಾವಿರಾರು ಜನ ಕೆಲಸ ಬಿಟ್ಟು ಕೂತರು. ಬಲವಾದ ಸಂಘವೇ ಇಲ್ಲದ ಕಾಲದಲ್ಲಿ ನಡೆದ ಆ ಮುಷ್ಕರವನ್ನು ಇತಿಹಾಸಕಾರ್ತಿ ಜಾನಕಿ ನಾಯರ್ ಮೈಸೂರಿನ ಕಾರ್ಮಿಕರ ಬಗೆಗಿನ ತಮ್ಮ ಪುಸ್ತಕದಲ್ಲಿ ವಿವರವಾಗಿ ಚರ್ಚಿಸಿದ್ದಾರೆ. 1946ರ ಹೋರಾಟದಲ್ಲಿ ಪೊಲೀಸರ ಗುಂಡಿಗೆ ಕಾರ್ಮಿಕರು ಬಲಿಯಾದರು.

ಇನ್ನೊಂದು ಸಂಗತಿ ಕನ್ನಡದ ಓದುಗರಿಗೆ ಅಷ್ಟಾಗಿ ತಲುಪಿಲ್ಲ. ಮದರಾಸಿನ ಅಯೋತಿದಾಸ ಪಂಡಿತರು ಕಟ್ಟಿದ ಶಾಕ್ಯ ಬೌದ್ಧ ಸಂಘದ ಶಾಖೆ 20ನೆಯ ಶತಮಾನದ ಆರಂಭದಲ್ಲೇ ಮಾರಿಕುಪ್ಪಂನಲ್ಲಿ ಕೆಲಸ ಮಾಡುತ್ತಿತ್ತು. ಅವರ 'ತಮಿಳನ್' ಪತ್ರಿಕೆ ಅವರು ತೀರಿಕೊಂಡ ಮೇಲೆ ಚಾಂಪಿಯನ್ ರೀಫಿನಿಂದ ಮತ್ತೆ ಹೊರಟಿತು. ಅಂಬೇಡ್ಕರ್ ನಾಗಪುರದಲ್ಲಿ ಬೌದ್ಧ ದೀಕ್ಷೆ ಪಡೆದದ್ದು 1956ರಲ್ಲಿ. ಅದಕ್ಕೂ ಸುಮಾರು ಅರ್ಧ ಶತಮಾನ ಮೊದಲು, ಹಗಲೆಲ್ಲ ಭೂಮಿಯ ಒಳಗೆ ದುಡಿದು ಬಂದ ದಲಿತ ಕಾರ್ಮಿಕರು ಒಂದು ಕೋಣೆಯ ಮನೆಗಳ ನಡುವೆ ಬುದ್ಧನನ್ನು ಓದುತ್ತಿದ್ದರು, ಪತ್ರಿಕೆ ತರಿಸುತ್ತಿದ್ದರು, ಜಾತಿಯ ಬಗ್ಗೆ ವಾದ ಮಾಡುತ್ತಿದ್ದರು. ಕರ್ನಾಟಕದ ಸಾಮಾಜಿಕ ಚರಿತ್ರೆಯಲ್ಲಿ ಇದಕ್ಕೆ ಸರಿಸಾಟಿಯಾದ ಜಾಗಗಳು ಹೆಚ್ಚಿಲ್ಲ. ಅಂಬೇಡ್ಕರ್ ತಾವೇ 1954ರಲ್ಲಿ ಇಲ್ಲಿಗೆ ಬಂದಿದ್ದರು. ಆದರೆ ಈ ಪರಂಪರೆಗೆ ಕಮಾನಿಲ್ಲ, ಕಂಬವಿಲ್ಲ, ಕೆತ್ತನೆಯಿಲ್ಲ. ಇರುವುದು ತಗಡಿನ ಮಾಡಿನ ಸಾಲುಮನೆ. ಕಟ್ಟಡದ ಚೆಲುವನ್ನೇ ಅಳತೆಗೋಲು ಮಾಡಿಕೊಂಡ ಸಂರಕ್ಷಣೆ ಬುಲ್ಡೋಜರ್ ತರಿಸುವುದು ಇಂಥ ಮನೆಗಳಿಗೇ.

ಹಳೆಪೇಟೆಯನ್ನು ಚೆಂದಗೆ ಉಳಿಸಿಕೊಂಡ ಊರಲ್ಲೂ ದುಡಿದವರ ಕಥೆ ಮರೆಯಾಗುವ ಅಪಾಯ ತಪ್ಪಲಿಲ್ಲ ಎಂಬುದಕ್ಕೆ ಅಮೆರಿಕದ ಅರಿಜೋನಾ ರಾಜ್ಯದ ಬಿಸ್ಬೀ ಸಾಕ್ಷಿ. ಮೆಕ್ಸಿಕೋ ಗಡಿಯ ಹತ್ತಿರ, ಕಣಿವೆಯ ಇಕ್ಕೆಲಗಳಿಗೆ ಮೆಟ್ಟಿಲು ಕಟ್ಟಿ ಹತ್ತಿಸಿದ ತಾಮ್ರದ ಊರು ಅದು. 1975ರಲ್ಲಿ ಗಣಿ ನಿಂತಿತು. ಮರುವರ್ಷವೇ ಊರಿನವರು ಕಾಪರ್ ಕ್ವೀನ್ ಗಣಿಯ ಸುರಂಗವನ್ನು ಸ್ವಚ್ಛಮಾಡಿ ಪ್ರವಾಸಿಗಳಿಗೆ ತೆರೆದರು. ಹಳದಿ ಅಂಗಿ, ಟೋಪಿ, ದೀಪ ಕೊಟ್ಟು, ಚಿಕ್ಕ ರೈಲಿನಲ್ಲಿ ಕೂರಿಸಿ ಒಳಗೆ ಕರೆದೊಯ್ಯುತ್ತಿದ್ದವರು ಅಲ್ಲಿಯೇ ದುಡಿದ ಮಾಜಿ ಗಣಿಗಾರರು. ಅಗ್ಗಕ್ಕೆ ಬಿದ್ದಿದ್ದ ಮನೆಗಳನ್ನು ಕಲಾವಿದರು, ಹಿಪ್ಪಿಗಳು ಕೊಂಡರು. ಇಟ್ಟಿಗೆಯ ಅಂಗಡಿ ಸಾಲು, ಹಳೆಯ ಹೋಟೆಲು, ಕಂಪನಿಯ ಕಚೇರಿಯಲ್ಲಿ ಮ್ಯೂಸಿಯಂ. ನೋಡಿ ಬಂದವರೆಲ್ಲ ಮೆಚ್ಚುತ್ತಾರೆ, ಮೆಚ್ಚುವಂತೆಯೂ ಇದೆ.

ಅದೇ ಊರಿನಲ್ಲಿ 1917ರ ಜುಲೈ 12ರಂದು ಮುಷ್ಕರ ಹೂಡಿದ ಸುಮಾರು 1,200 ಗಣಿಗಾರರನ್ನು, ಅವರಲ್ಲಿ ಬಹಳಷ್ಟು ಮಂದಿ ಮೆಕ್ಸಿಕನ್ನರು ಮತ್ತು ಪೂರ್ವ ಯುರೋಪಿನವರು, ಬಂದೂಕು ತೋರಿಸಿ ದನ ಸಾಗಿಸುವ ರೈಲುಡಬ್ಬಿಗೆ ತುಂಬಿ ಪಕ್ಕದ ರಾಜ್ಯದ ಮರುಭೂಮಿಯಲ್ಲಿ ಬಿಟ್ಟುಬಂದಿದ್ದರು. ಹೊರಹಾಕಿದವರೂ ಊರಿನವರೇ. ಎಷ್ಟೋ ದಶಕ ಆ ಮಾತು ಊರಿನಲ್ಲಿ ಎತ್ತುವಂತಿರಲಿಲ್ಲ. ಶತಮಾನ ತುಂಬಿದಾಗ ಊರಿನವರೇ ವೇಷ ಕಟ್ಟಿ ಆ ದಿನವನ್ನು ಅಭಿನಯಿಸಿದರು. ರಾಬರ್ಟ್ ಗ್ರೀನ್ ಎಂಬ ನಿರ್ದೇಶಕ ಅದನ್ನು ಸಾಕ್ಷ್ಯಚಿತ್ರ ಮಾಡಿದ. ಗೋಡೆಗೆ ಸುಣ್ಣ ಬಳಿದು ಉಳಿಸುವ ಕೆಲಸಕ್ಕೆ ಒಂದು ವರ್ಷ ಸಾಕಾದರೆ, ಆ ಗೋಡೆಯ ಮುಂದೆ ನಡೆದದ್ದನ್ನು ಬಾಯಿಬಿಟ್ಟು ಹೇಳಲು ಬಿಸ್ಬೀಗೆ ನೂರು ವರ್ಷ ಬೇಕಾಯಿತು.

ಇದಕ್ಕೆ ಎದುರಾಗಿ ಸುಮಾತ್ರಾದ ಸಾವಾಲುಂಟೊ ನೋಡಬೇಕು. ಡಚ್ಚರ ಕಲ್ಲಿದ್ದಲು ಗಣಿಯೂರು ಅದು. ಕಾಲಿಗೆ ಸರಪಳಿ ಹಾಕಿಸಿಕೊಂಡು ದುಡಿದ ಕೈದಿ ಕಾರ್ಮಿಕರ ಕಥೆಯನ್ನೇ ಊರು ಮುಂದಿಟ್ಟಿತು. ಅವರು ತೋಡಿದ ಸುರಂಗ, ಅವರಿಗೆ ಅಡುಗೆ ಬೇಯಿಸಿದ ಪಾಕಶಾಲೆ ಇವೇ ಅಲ್ಲಿ ನೋಡುವ ಜಾಗಗಳು. 2019ರಲ್ಲಿ ಯುನೆಸ್ಕೋ ಆ ಗಣಿ, ಊರು, ರೈಲು ಮತ್ತು ಬಂದರನ್ನು ಒಟ್ಟಾಗಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ವಸಾಹತಿನ ಗಣಿ, ದೂರದಿಂದ ತಂದ ಕೂಲಿಗಳು, ಗಣಿಗೆಂದೇ ಹಾಕಿದ ಹಳಿ. ಕೆಜಿಎಫ್‌ಗೆ ಹೋಲಿಕೆ ಹುಡುಕುವವರು ಇಂಗ್ಲೆಂಡಿಗಿಂತ ಇಂಡೋನೇಷ್ಯಾ ಕಡೆ ತಿರುಗಿದರೆ ಹೆಚ್ಚು ಕಲಿಯಬಹುದು.

ಇಂಗ್ಲೆಂಡಿನ ಮಾತು ಬಂದದ್ದರಿಂದ ಇದನ್ನೂ ಹೇಳಬೇಕು. ಕೋಲಾರಕ್ಕೆ ಗಣಿಗಾರರನ್ನು ಕಳಿಸಿದ ಕಾರ್ನ್‌ವಾಲಿನ ಗಣಿಸೀಮೆಗೆ 2006ರಲ್ಲೇ ವಿಶ್ವ ಪರಂಪರೆಯ ಪಟ್ಟ ಸಿಕ್ಕಿದೆ. ಅಲ್ಲಿನ ಎಂಜಿನ್ ಮನೆಗಳ ಪಾಳು ಗೋಡೆಗೂ ಕಾವಲಿದೆ. ಆ ಸೀಮೆಯ ಗಣಿ ವಿದ್ಯೆ ಜಗತ್ತಿಗೆಲ್ಲ ಹಬ್ಬಿತು ಎಂಬುದು ಪಟ್ಟ ಸಿಗಲು ಒಂದು ಮುಖ್ಯ ಕಾರಣ. ಹಬ್ಬಿದ ಜಾಗಗಳಲ್ಲಿ ಕೋಲಾರವೂ ಒಂದು, ಅದಕ್ಕೆ ಮಾತ್ರ ಏನೂ ದಕ್ಕಿಲ್ಲ.

ಕೆಜಿಎಫ್ ಕಳೆದುಕೊಂಡದ್ದರಲ್ಲಿ ಹೆಚ್ಚು ಹೊಟ್ಟೆ ಉರಿಯುವುದು ಚಿನ್ನಕ್ಕಲ್ಲ, ವಿಜ್ಞಾನಕ್ಕೆ. ಆಕಾಶದಿಂದ ಸುರಿಯುವ ಕಣಗಳ ಗದ್ದಲ ಬಂಡೆಯ ಅಡಿಯಲ್ಲಿ ಅಡಗುತ್ತದೆ. ಅದಕ್ಕೇ 1950ರ ದಶಕದಿಂದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಭೌತಶಾಸ್ತ್ರಜ್ಞರು ಈ ಗಣಿಗಳಿಗೆ ಇಳಿಯತೊಡಗಿದರು. ನಂಜನಗೂಡಿನ ಮೂಲದ ಬಿ.ವಿ. ಶ್ರೀಕಂಠನ್ ಅವರಲ್ಲಿ ಮೊದಲಿಗರು. ಎಂ.ಜಿ.ಕೆ. ಮೆನನ್ ಜೊತೆಗಾರರು. 1965ರಲ್ಲಿ ಚಾಂಪಿಯನ್ ರೀಫಿನ 2.3 ಕಿಲೋಮೀಟರ್ ಆಳದಲ್ಲಿ ಟಾಟಾ ಸಂಸ್ಥೆ, ಜಪಾನಿನ ಒಸಾಕಾ ನಗರ ವಿಶ್ವವಿದ್ಯಾಲಯ ಮತ್ತು ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯದ ತಂಡ, ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊ ಕಣದ ಗುರುತನ್ನು ಹಿಡಿಯಿತು. ಅದೇ ವರ್ಷ ದಕ್ಷಿಣ ಆಫ್ರಿಕಾದ ಇನ್ನೊಂದು ಚಿನ್ನದ ಗಣಿಯಲ್ಲೂ ಬೇರೊಂದು ತಂಡ ಇದನ್ನೇ ಕಂಡಿತು. ಜಗತ್ತಿನಲ್ಲಿ ಮೊದಲು ಕಂಡವರು ಇವೆರಡೇ ತಂಡ. 1980ರ ದಶಕದಲ್ಲಿ ಪ್ರೋಟಾನ್ ಕ್ಷಯಿಸುತ್ತದೆಯೇ ಎಂದು ಕಾಯುವ ದೊಡ್ಡ ಪ್ರಯೋಗವೂ ಇಲ್ಲೇ ನಡೆಯಿತು. ವಿಜ್ಞಾನಿಗಳ ಉಪಕರಣಗಳನ್ನು ಕೇಜಿನಲ್ಲಿ ಇಳಿಸಿ, ಸುರಂಗದಲ್ಲಿ ನೆಲೆ ಕಟ್ಟಿಕೊಟ್ಟವರು ಗಣಿ ಕಾರ್ಮಿಕರು.

ಅಮೆರಿಕದ ದಕ್ಷಿಣ ಡಕೋಟಾದಲ್ಲಿ ಲೀಡ್ ಎಂಬ ಚಿಕ್ಕ ಊರಿನ ಹೋಮ್‌ಸ್ಟೇಕ್ ಕೂಡ ಇಂಥದೇ ಚಿನ್ನದ ಗಣಿ. 1870ರ ದಶಕದ ಹುಟ್ಟು, ಶತಮಾನ ಮೀರಿದ ದುಡಿಮೆ. ಅಲ್ಲಿ ರೇ ಡೇವಿಸ್ ಸೂರ್ಯನ ನ್ಯೂಟ್ರಿನೊ ಎಣಿಸುತ್ತ ದಶಕಗಟ್ಟಲೆ ಕೂತಿದ್ದ. ಕೋಲಾರದ ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ರಂದು, ಹೋಮ್‌ಸ್ಟೇಕ್ ಮುಚ್ಚಿದ್ದು 2002ರಲ್ಲಿ. ಡೇವಿಸ್‌ಗೆ ನೊಬೆಲ್ ಬಂದದ್ದೂ ಅದೇ ವರ್ಷ. ಕೋಲಾರದಲ್ಲಿ ಆದಂತೆಯೇ ಪಂಪು ನಿಂತು ಆ ಗಣಿಗೂ ನೀರು ನುಗ್ಗಿತು. ಆದರೆ ಕಂಪನಿ 2006ರಲ್ಲಿ ಗಣಿಯನ್ನು ರಾಜ್ಯಕ್ಕೆ ದಾನ ಕೊಟ್ಟಿತು. ರಾಜ್ಯ ಪಂಪು ಹಾಕಿ ನೀರು ಖಾಲಿಮಾಡಿ ಭೂಗತ ಪ್ರಯೋಗಾಲಯ ಕಟ್ಟಿತು. ಇಂದು ಕಪ್ಪುದ್ರವ್ಯ, ನ್ಯೂಟ್ರಿನೊಗಳ ಮೇಲಿನ ಜಗತ್ತಿನ ದೊಡ್ಡ ಪ್ರಯೋಗಗಳು ಅಲ್ಲಿವೆ. ಪಕ್ಕದ ಡೆಡ್‌ವುಡ್ ಪೇಟೆಗೆ ಪ್ರವಾಸಿಗಳು, ಲೀಡಿಗೆ ವಿಜ್ಞಾನಿಗಳು. ನಾವೋ, ಹೆಚ್ಚು ಆಳದ, ಹೆಚ್ಚು ಹಳೆಯ ಪ್ರಯೋಗದ ಜಾಗವನ್ನು ನೀರಿಗೆ ಬಿಟ್ಟು, ಆಮೇಲೆ ತಮಿಳುನಾಡಿನ ತೇಣಿ ಜಿಲ್ಲೆಯ ಗುಡ್ಡದಲ್ಲಿ ಹೊಸ ಸುರಂಗ ಕೊರೆದು ನ್ಯೂಟ್ರಿನೊ ವೀಕ್ಷಣಾಲಯ ಮಾಡಲು ಹೊರಟೆವು. ಪರಿಸರದ ಕಾರಣಕ್ಕೆ ಜನ ಎದ್ದು ನಿಂತರು, ಯೋಜನೆ ನಿಂತುಹೋಯಿತು. ಕೆಜಿಎಫಿನ ಆಳವನ್ನು ಒಣಗಿಸಿಡುವ ಖರ್ಚು ದೊಡ್ಡದು ನಿಜ, ಬಂಡೆ ಸಿಡಿತದ ಭಯವೂ ಸುಳ್ಳಲ್ಲ. ಆದರೆ ಅಷ್ಟು ಆಳದ ನೆಲೆಯನ್ನು ಒಂದು ಸ್ಮಾರಕಫಲಕವೂ ಇಲ್ಲದ ಮರೆವಿಗೆ ಬಿಡಲು ಖರ್ಚಿನ ನೆಪ ಸಾಲದು.

ಕೋಲಾರದ ಗಣಿ ಮುಚ್ಚಿದ ಬಗೆಯೂ ಹೀಗೇ. 1956ರಲ್ಲಿ ಮೈಸೂರು ಸರ್ಕಾರ ರಾಷ್ಟ್ರೀಕರಣ ಮಾಡಿತು, 1962ರಲ್ಲಿ ಕೇಂದ್ರದ ಹಣಕಾಸು ಇಲಾಖೆಗೆ ಹೋಯಿತು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಆಯಿತು. ಶುರುವಿನಲ್ಲಿ ಟನ್ ಅದಿರಿಗೆ 40 ಗ್ರಾಂ ಮೀರಿದ್ದ ಚಿನ್ನ ಕೊನೆಗೆ ಮೂರು ಗ್ರಾಮಿನ ಆಸುಪಾಸಿಗೆ ಇಳಿದಿತ್ತು. ಬೀಗ ಬಿದ್ದ ವರ್ಷ ಜಗತ್ತಿನಲ್ಲಿ ಚಿನ್ನದ ಬೆಲೆ ಪಾತಾಳದಲ್ಲಿತ್ತು. ಆಮೇಲೆ ಅದು ಏರಿದ ಎತ್ತರ ಎಲ್ಲರಿಗೂ ಗೊತ್ತು.

ಇನ್ನು ಎದುರುವಾದಗಳು. ಮೊದಲನೆಯದು ಊರಿನವರದೇ: ನಮಗೆ ಮ್ಯೂಸಿಯಂ ಬೇಡ, ಕಾರ್ಖಾನೆ ಕೊಡಿ. ಇದನ್ನು ಹಗುರಾಗಿ ತಳ್ಳುವಂತಿಲ್ಲ. ಗಣಿ ಮುಚ್ಚಿದಾಗಿನಿಂದ ಮಾರಿಕುಪ್ಪಂ ರೈಲು ಸಾವಿರಾರು ಜನರನ್ನು ಮುಂಜಾನೆ ಬೆಂಗಳೂರಿಗೆ ಹೊತ್ತು ರಾತ್ರಿ ಮರಳಿ ತರುತ್ತಿದೆ. ಗಾರೆ ಕೆಲಸ, ಕಾವಲು, ಗಾರ್ಮೆಂಟ್ಸ್, ಕಾಲ್ ಸೆಂಟರ್, ಎಲ್ಲಕ್ಕೂ ಜನ ಇಲ್ಲಿಂದ. 1964ರಲ್ಲಿ ಶುರುವಾದ ಬೆಮಲ್ ಕಾರ್ಖಾನೆಯೊಂದೇ ದೊಡ್ಡ ಆಸರೆ. ಬಿಸ್ಬೀಯಲ್ಲಿ ಈಗ ಇರುವುದು ಐದು ಸಾವಿರದಷ್ಟು ಜನ, ಅಷ್ಟು ಮಂದಿಗೆ ಪ್ರವಾಸೋದ್ಯಮ ಅನ್ನ ಕೊಟ್ಟೀತು. ಒಂದೂವರೆ ಲಕ್ಷ ದಾಟಿದ ಊರನ್ನು ಅದು ಸಾಕುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬಾರದು. ಹಾಗೆಂದು ಕಾರ್ಖಾನೆ ಮತ್ತು ಸಂರಕ್ಷಣೆ ಒಂದನ್ನೊಂದು ತಿನ್ನುತ್ತವೆ ಎಂದೇನಿಲ್ಲ. ಭಾರತ್ ಗೋಲ್ಡ್ ಮೈನ್ಸ್ ಹೆಸರಿನಲ್ಲಿದ್ದ ಜಮೀನು ಸುಮಾರು 12 ಸಾವಿರ ಎಕರೆ. ಅದರಲ್ಲಿ ಲೈನುಗಳು ಹಿಡಿದಿರುವ ಪಾಲು ಅಷ್ಟು ದೊಡ್ಡದೇನಲ್ಲ.

ಎರಡನೆಯದು ಸೈನೈಡ್ ಗುಡ್ಡಗಳ ಪ್ರಶ್ನೆ. ಅದಿರು ಅರೆದು, ಸೈನೈಡ್ ದ್ರಾವಣದಲ್ಲಿ ಚಿನ್ನ ಕರಗಿಸಿ ತೆಗೆದ ಮೇಲೆ ಉಳಿದ ಬೂದು ಪುಡಿ ಹದಿಮೂರು ದಿಬ್ಬಗಳಾಗಿ ನಿಂತಿದೆ, ಅಂದಾಜು 3.3 ಕೋಟಿ ಟನ್. ಗಾಳಿ ಬೀಸುವ ತಿಂಗಳುಗಳಲ್ಲಿ ಆ ಧೂಳು ಅನ್ನದ ತಟ್ಟೆಗೂ ಬರುತ್ತದೆ. ಚಿತ್ರತಂಡಗಳಿಗೆ ಅದು ಬೇರೆಲ್ಲೂ ಸಿಗದ ಹಿನ್ನೆಲೆ, ಲೈನಿನ ತಾಯಂದಿರಿಗೆ ಮಕ್ಕಳ ಕೆಮ್ಮು. 2024ರಲ್ಲಿ ರಾಜ್ಯ ಸಚಿವ ಸಂಪುಟ ಈ ದಿಬ್ಬಗಳಿಂದ ಉಳಿದ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ಒಪ್ಪಿಗೆ ಕೊಟ್ಟಿತು. ದಿಬ್ಬ ಕರಗಿದರೆ ಕರಗಲಿ. ಊರಿನ ಗುರುತು ಅಳಿಯುತ್ತದೆ ಎಂಬ ಕಾರಣಕ್ಕೆ ವಿಷದ ಧೂಳನ್ನು ಕಾಪಾಡಿ ಎನ್ನುವುದು ದೂರದಲ್ಲಿ ಕೂತು ನೋಡುವವರ ಚೆಲುವಿನ ಚಟ. ತೆಗೆಯುವಾಗ ಧೂಳು ಏಳದಂತೆ ನೋಡುವುದು, ನೀರಿಗೆ ವಿಷ ಸೇರದಂತೆ ತಡೆಯುವುದು, ಬಂದ ಲಾಭದಲ್ಲಿ ಒಂದು ಪಾಲನ್ನು ಊರಿಗೆ ಕಟ್ಟಿಡುವುದು ಷರತ್ತಾಗಬೇಕು.

ಮೂರನೆಯ ವಾದವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ: ಅದು ತಮಿಳರ ಊರು. ಅಣ್ಣಾ ಡಿಎಂಕೆಯ, ರಿಪಬ್ಲಿಕನ್ ಪಕ್ಷದ ಶಾಸಕರನ್ನು ಬೆಂಗಳೂರಿಗೆ ಕಳಿಸಿದ ಕ್ಷೇತ್ರ. ಹಂಪಿ, ಪಟ್ಟದಕಲ್ಲು, 2023ರಲ್ಲಿ ಹೊಯ್ಸಳ ದೇಗುಲಗಳು ವಿಶ್ವ ಪರಂಪರೆಯಾದಾಗ ಹಿಗ್ಗಿದ ನಾಡಿಗೆ ಗಣಿಯೂರಿನ ಚರಿತ್ರೆ ತನ್ನದೆನಿಸಿಲ್ಲ. ಪಾ. ರಂಜಿತ್ ಆ ಕೂಲಿಗಳ ಕಥೆಯನ್ನು 2024ರಲ್ಲಿ ತಮಿಳಿನಲ್ಲಿ 'ತಂಗಲಾನ್' ಮಾಡಿ ತಂದರು. ಕನ್ನಡದ ದೊಡ್ಡ ಚಿತ್ರ ಅದೇ ನೆಲವನ್ನು ಕಲ್ಪನೆಯ ಸಾಮ್ರಾಜ್ಯ ಮಾಡಿಕೊಂಡಿತು. ಸಿನಿಮಾಕ್ಕೆ ಆ ಸ್ವಾತಂತ್ರ್ಯ ಇದ್ದದ್ದೇ. ಆದರೆ ಮೈಸೂರು ಸಂಸ್ಥಾನದ ಬೊಕ್ಕಸಕ್ಕೆ ರಾಜಧನ ತುಂಬಿದ, ಶಿವನಸಮುದ್ರದ ವಿದ್ಯುತ್ತಿಗೆ ಮೊದಲ ಗಿರಾಕಿಯಾದ ಊರಿನ ದುಡಿಮೆ ಕರ್ನಾಟಕದ್ದಲ್ಲದೆ ಮತ್ತಾರದು?

ಮುಚ್ಚಿದ ಗಣಿಯನ್ನು ಏನು ಮಾಡುವುದೆಂದು ತಿಳಿಯದ ಸಂಕಟ ಇದೊಂದೇ ಊರಿನದಲ್ಲ. ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ಅದಿರು ತೆಗೆಯುವುದು ನಿಂತ ಕುದುರೆಮುಖದಲ್ಲಿ ಶಾಲೆ, ಆಸ್ಪತ್ರೆ, ಸಾಲುಮನೆಗಳಿದ್ದ ಇಡೀ ಟೌನ್‌ಶಿಪ್ ಮಳೆಗೆ ಪಾಚಿಗಟ್ಟಿತು. ಇಂದಿರಾಪುರಂನಂಥ ಬಡಾವಣೆಗಳು ಎದ್ದ ರಾಜಧಾನಿ ಪ್ರದೇಶದಲ್ಲೂ ಇದುಂಟು. ದಪ್ಪ ಮರಳಿಗೆ ಅಲ್ಲಿನ ಗಾರೆಯವರು ಈಗಲೂ 'ಬದರ್‌ಪುರ್' ಎನ್ನುತ್ತಾರೆ. ದೆಹಲಿಯ ದಕ್ಷಿಣದ ಅರಾವಳಿಯನ್ನು ಅಗೆದು ತಂದ ಮರಳಿನ ಹೆಸರು ಅದು. ಭಾಟಿ ಗಣಿಗಳು ಮುಚ್ಚಿ ಅಸೋಲಾ ಭಾಟಿ ವನ್ಯಧಾಮವಾಯಿತು, ಹೊಂಡಗಳು ನೀಲಿ ಕೊಳಗಳಾಗಿ ನಗರದವರ ನಡಿಗೆಗೆ ಒದಗಿದವು. ಅಗೆದ ಓಡ್ ಸಮುದಾಯದವರ ವಸತಿಯನ್ನು ಮಾತ್ರ ಅತಿಕ್ರಮಣವೆಂದು ಎಣಿಸಿ ಒಕ್ಕಲೆಬ್ಬಿಸುವ ಮಾತು ದಶಕಗಳಿಂದ ನಡೆದಿದೆ.

ಕಾನೂನು ನೆರವಿಗೆ ಬರುವುದು ಕಷ್ಟ. 1958ರ ಕೇಂದ್ರ ಕಾಯ್ದೆ ನೂರು ವರ್ಷ ದಾಟಿದ ಸ್ಮಾರಕವನ್ನು ಒಂದೊಂದಾಗಿ ಕಾಯುತ್ತದೆ. ಜನ ವಾಸಿಸುವ, ಗೋಡೆ ಒಡೆದು ಅಡುಗೆಮನೆ ಸೇರಿಸಿಕೊಂಡ, ಮಾಡಿನ ಮೇಲೆ ಡಿಶ್ ಇಟ್ಟ ಸಾಲುಮನೆಗೆ ಅದರಲ್ಲಿ ಜಾಗವಿಲ್ಲ. ಇದ್ದರೂ ಆ ಕಾಯ್ದೆಯ ಕಟ್ಟುಪಾಡು ಅಲ್ಲಿರುವವರಿಗೆ ಶಿಕ್ಷೆಯಾದೀತು. ಹಾಗಾಗಿ ಹಕ್ಕುಪತ್ರ ಮೊದಲು. ಮೂರು ತಲೆಮಾರು ಬಾಳಿದ ಮನೆ ನಾಳೆ ಯಾರದೋ ಎಂಬ ಅಳುಕಿರುವವರಿಗೆ ಮಾಡು ಉಳಿಸಿ, ಬಾಗಿಲು ಉಳಿಸಿ ಎಂದು ಹೇಳಲು ಯಾರಿಗೂ ನೈತಿಕ ಅಧಿಕಾರವಿಲ್ಲ. ಕಾಗದ ಕೈಗೆ ಬಂದ ಮೇಲೆ ಒಂದೆರಡು ಲೈನುಗಳನ್ನು ನಿವಾಸಿಗಳ ಒಪ್ಪಿಗೆಯಿಂದ ಇದ್ದಂತೆಯೇ ಉಳಿಸಿಕೊಳ್ಳಬಹುದು. ನಗರಸಭೆ ಅದಕ್ಕೆ ಬಾಡಿಗೆ ಕೊಡಲಿ. ರಾಬರ್ಟ್‌ಸನ್‌ಪೇಟೆಯ ಬೀದಿಗಳ ಅಗಲ, ಅಂಗಡಿಗಳ ಜಗಲಿ, ಮಾರುಕಟ್ಟೆಯ ರಚನೆ ಕೆಡದಂತೆ ಕಟ್ಟಡ ನಿಯಮ ಬರೆಯಲು ಯುನೆಸ್ಕೋ ಬೇಕಿಲ್ಲ, ನಗರ ಯೋಜನೆಯ ಕಚೇರಿ ಸಾಕು.

ಎಲ್ಲಕ್ಕಿಂತ ಅವಸರದ ಕೆಲಸ ಬೇರೆ. 2001ರಲ್ಲಿ ಮನೆಗೆ ಕಳಿಸಿದ ಕಾರ್ಮಿಕರಲ್ಲಿ ಕಿರಿಯರಿಗೂ ಈಗ ಐವತ್ತರ ಮೇಲೆ. ದುಡಿದವರ ಬಾಯಿಂದಲೇ ಗಣಿಯ ಕಥೆ ಕೇಳಬೇಕೆಂದು ಬಿಸ್ಬೀಯವರಿಗೆ ಮರುವರ್ಷವೇ ಹೊಳೆದದ್ದು ನಮಗೆ ಕಾಲು ಶತಮಾನವಾದರೂ ಹೊಳೆದಿಲ್ಲ. ಯಾವ ಸುರಂಗ ಎಲ್ಲಿ ತಿರುಗುತ್ತದೆ, ಬಂಡೆ ಸಿಡಿಯುವ ಮೊದಲು ಯಾವ ಸದ್ದು ಬರುತ್ತದೆ, ಕೇಜಿಗೆ ಕಾಯುವಾಗ ಏನು ಹಾಡುತ್ತಿದ್ದರು ಎಂದು ಹೇಳಬಲ್ಲವರು ಈಗಲೂ ಅಲ್ಲಿದ್ದಾರೆ. ಅವರ ಮಾತು ತಮಿಳಿನಲ್ಲಿ, ತೆಲುಗಿನಲ್ಲಿ, ಕೋಲಾರದ ಕನ್ನಡದಲ್ಲಿ ಧ್ವನಿಮುದ್ರಣವಾಗಬೇಕು. ಗಣಿಯ ನಕ್ಷೆ, ಹಾಜರಿ ಪುಸ್ತಕ, ಅಪಘಾತದ ದಾಖಲೆ, ಸಂಘಗಳ ಕರಪತ್ರ ರಾಜ್ಯ ಪತ್ರಾಗಾರಕ್ಕೆ ಸೇರಬೇಕು. ಬೇತಮಂಗಲದ ಪಕ್ಕದಲ್ಲಿ ಚೆನ್ನೈ ಎಕ್ಸ್‌ಪ್ರೆಸ್‌ವೇ ಬಂದಿದೆ. ಬೆಂಗಳೂರಿನ ಕಾರುಗಳು ಇನ್ನು ಗಂಟೆ ಒಪ್ಪತ್ತಿನಲ್ಲಿ ಬರುತ್ತವೆ, ಹೋಟೆಲು ಕಟ್ಟುವವರೂ ಬರುತ್ತಾರೆ. ದಿಬ್ಬ ಅಗೆಯುವ ಟೆಂಡರಿನ ಕರಡು ಬರೆಯುವವರ ಮೇಜಿನ ಮೇಲೆ ಈ ಧ್ವನಿಮುದ್ರಣ ಮತ್ತು ಹಕ್ಕುಪತ್ರದ ಎರಡು ಷರತ್ತುಗಳನ್ನು ಇಡಬೇಕಾದ ಹೊತ್ತು ಇದು, ಅಲ್ಲಿನ ನಗರಸಭಾ ಸದಸ್ಯರೂ ಶಾಸಕರೂ ಅದನ್ನು ಕೇಳಿ ಪಡೆಯಬೇಕು.